ಶುದ್ಧೀಕೃತ ನೀರಿನ ಘಟಕದಲ್ಲಿ ಈಥರ್ನೆಟ್ ಮಾಡ್ಯೂಲ್ ಬದಲಾವಣೆ: ವೆರ್ಣಾದ ಒಂದು ಪ್ರಕರಣ ಅಧ್ಯಯನ

ಗೋವೆಯ ವೆರ್ಣಾ ಕೈಗಾರಿಕಾ ವಸಾಹತಿನ ಔಷಧ ತಯಾರಿಕಾ ಘಟಕವೊಂದರಲ್ಲಿ, ಶುದ್ಧೀಕೃತ ನೀರಿನ ವ್ಯವಸ್ಥೆಯನ್ನು ನಡೆಸುತ್ತಿದ್ದ ಪಿಎಲ್‌ಸಿಯ (ಯಂತ್ರಗಳನ್ನು ಪ್ರೋಗ್ರಾಮಿನಂತೆ ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರಿನ) ಈಥರ್ನೆಟ್ ಸಂವಹನ ಮಾಡ್ಯೂಲನ್ನು ತೆಗೆದು, ಅದರ ಮುಂದಿನ ಪೀಳಿಗೆಯ ಮಾಡ್ಯೂಲನ್ನು ಕೂರಿಸಿದ ಕೆಲಸದ ವಿವರ ಇದು. ಪಿಎಲ್‌ಸಿ ಆಲನ್-ಬ್ರಾಡ್ಲಿ ಕಂಟ್ರೋಲ್‌ಲಾಜಿಕ್ಸ್ ಸರಣಿಯದು, ಕಂಟ್ರೋಲರ್ 1756-ಎಲ್61, ತೆಗೆದ ಮಾಡ್ಯೂಲ್ 1756-ಇಎನ್‌ಬಿಟಿ, ಕೂರಿಸಿದ್ದು 1756-ಇಎನ್2ಟಿ. ಇಂಥ ಮಾಡ್ಯೂಲನ್ನು ರ‍್ಯಾಕಿನಿಂದ ಎಳೆದು ಮತ್ತೊಂದನ್ನು ತಳ್ಳುವುದಕ್ಕೆ ಐದು ನಿಮಿಷ ಸಾಕು. ಆ ಮಾಡ್ಯೂಲನ್ನು ಯಾರು ಯಾರು ನೆಚ್ಚಿಕೊಂಡಿದ್ದಾರೆ, ಪ್ರೋಗ್ರಾಮಿನ ಕಡತದಲ್ಲಿ ಎಲ್ಲಿಯೂ ಕಾಣದ ಯಾವ ಯಾವ ಹೊಂದಾಣಿಕೆಗಳು ಅದರ ಹೊಟ್ಟೆಯೊಳಗೆ ಉಳಿದುಕೊಂಡಿವೆ ಎಂಬುದನ್ನು ಪತ್ತೆ ಹಚ್ಚುವುದಕ್ಕೇ ಸಮಯ ಬೇಕು. ಇಂಥದೇ ಕೆಲಸ ಕೈಗೆತ್ತಿಕೊಳ್ಳುವ ನಿರ್ವಹಣಾ ವಿಭಾಗದವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಶುದ್ಧೀಕೃತ ನೀರು ಔಷಧ ಘಟಕದಲ್ಲಿ ಕಚ್ಚಾ ವಸ್ತುವಿಗೆ ಸಮ. ಟ್ಯಾಂಕಿನಿಂದ ಹೊರಟ ನೀರು ತಯಾರಿಕಾ ಕೊಠಡಿಗಳನ್ನೆಲ್ಲ ಸುತ್ತಿ ಮತ್ತೆ ಟ್ಯಾಂಕಿಗೇ ಬರುವ ಲೂಪಿನಲ್ಲಿ ಹಗಲಿರುಳು ಹರಿಯುತ್ತಲೇ ಇರಬೇಕು; ಹರಿವು ನಿಂತರೆ ಪೈಪಿನ ಒಳಗೋಡೆಯಲ್ಲಿ ಸೂಕ್ಷ್ಮಜೀವಿಗಳ ಪದರ ಕಟ್ಟಲು ಅವಕಾಶವಾಗುತ್ತದೆ, ಒಮ್ಮೆ ಕಟ್ಟಿದ ಪದರವನ್ನು ಬಿಡಿಸುವುದು ಸುಲಭವಲ್ಲ. ಮರಳಿ ಬರುವ ನೀರಿನ ವಾಹಕತೆ ಹಾಗೂ ಒಟ್ಟು ಸಾವಯವ ಇಂಗಾಲದ ಪ್ರಮಾಣವನ್ನು ಉಪಕರಣಗಳು ಸತತವಾಗಿ ಅಳೆಯುತ್ತವೆ. ಅಮೆರಿಕದ ಫಾರ್ಮಕೋಪಿಯಾದ ಪ್ರಕಾರ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾಹಕತೆ ಪ್ರತಿ ಸೆಂಟಿಮೀಟರಿಗೆ 1.3 ಮೈಕ್ರೊಸೀಮೆನ್ಸ್ ಮೀರಬಾರದು, ಸಾವಯವ ಇಂಗಾಲ 500 ಪಿಪಿಬಿ (ಶತಕೋಟಿಯಲ್ಲಿ 500 ಭಾಗ) ಮೀರಬಾರದು. ಈ ಅಳತೆಗಳು ಪಿಎಲ್‌ಸಿಗೆ ಬಂದು, ಅಲ್ಲಿಂದ ಸ್ಕಾಡಾ, ಅಂದರೆ ಘಟಕವನ್ನು ದೂರದಿಂದ ನೋಡಿ ನಡೆಸುವ ತಂತ್ರಾಂಶದ ಪರದೆಗೂ ದಾಖಲೆ ಸರ್ವರಿಗೂ ಹೋಗುವುದು ಅದೇ ಒಂದು ಈಥರ್ನೆಟ್ ಮಾಡ್ಯೂಲಿನ ಮೂಲಕ. ಪಂಪುಗಳ ವೇಗವನ್ನು ನಿಯಂತ್ರಿಸುವ ಡ್ರೈವುಗಳು, ಉಪಕರಣಗಳ ಸಂಕೇತಗಳನ್ನು ತಂದು ಕಳಿಸುವ ದೂರದ ಐ/ಓ ಪೆಟ್ಟಿಗೆಗಳು, ಸ್ಕಾಡಾ, ದಾಖಲೆ ಸರ್ವರ್ ಎಲ್ಲವೂ ಒಂದೇ ಪೋರ್ಟಿನಲ್ಲಿ ನಿಂತಿದ್ದವು.

ಮೊದಲ ಸೂಚನೆ ಡ್ರೈವುಗಳ ಕಡೆಯಿಂದ ಬಂತು. ಆಗೊಮ್ಮೆ ಈಗೊಮ್ಮೆ ಯಾವುದೋ ಒಂದು ಡ್ರೈವಿನ ಸಂಪರ್ಕ ಕಡಿದು, ಕ್ಷಣದಲ್ಲಿ ಮತ್ತೆ ಕೂಡಿಕೊಳ್ಳುತ್ತಿತ್ತು. ಪ್ರತಿ ಸಲವೂ ಬೇರೆ ಡ್ರೈವ್ ಆಗಿದ್ದರಿಂದ ಕೇಬಲ್ಲಿನ ಮೇಲೆ ಸಂಶಯ ಉಳಿಯಲಿಲ್ಲ. ಘಟಕ ವಿಸ್ತರಣೆಯಾದಾಗಲೆಲ್ಲ ಡ್ರೈವುಗಳನ್ನು ಸೇರಿಸುತ್ತ ಹೋಗಿದ್ದರು. ಆ ಹೊತ್ತಿಗೆ 14 ಡ್ರೈವುಗಳು, 10 ಐ/ಓ ಪೆಟ್ಟಿಗೆಗಳು, ಹೀಗೆ 24 ಸಂಪರ್ಕಗಳಿದ್ದವು. ಪ್ರತಿಯೊಂದಕ್ಕೂ ಆರ್‌ಪಿಐ, ಅಂದರೆ ಮಾಹಿತಿ ಕಳಿಸುವ ಅಂತರ, 10 ಮಿಲಿಸೆಕೆಂಡ್ ಎಂದು ಬರೆದಿಟ್ಟಿದ್ದರು. ಲೆಕ್ಕ ಸರಳ: ಒಂದು ಸಂಪರ್ಕದಲ್ಲಿ ಪ್ರತಿ ಅಂತರಕ್ಕೂ ಹೋಗುವ ಪ್ಯಾಕೆಟ್ ಒಂದು, ಬರುವುದು ಒಂದು; 10 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ ನೂರು ಸಲ; 24ನ್ನು 2ರಿಂದಲೂ 100ರಿಂದಲೂ ಗುಣಿಸಿದರೆ ಸೆಕೆಂಡಿಗೆ 4800 ಪ್ಯಾಕೆಟ್. ಇಎನ್‌ಬಿಟಿ ಮಾಡ್ಯೂಲ್ ಐ/ಓ ಸಂಚಾರಕ್ಕೆ ತಡೆದುಕೊಳ್ಳುವುದು ಸೆಕೆಂಡಿಗೆ 5000. ಸ್ಕಾಡಾ ಮತ್ತು ದಾಖಲೆ ಸರ್ವರಿನ ವಿಚಾರಣೆಗಳು ಇದರ ಮೇಲೆ ಬಂದು ಬೀಳುತ್ತಿದ್ದವು.

ಆರ್‌ಪಿಐ ಸಡಿಲಿಸಿದ್ದರೆ ಹಳೆಯ ಮಾಡ್ಯೂಲಿನಲ್ಲೇ ಇನ್ನಷ್ಟು ಕಾಲ ನಡೆಸಬಹುದಿತ್ತು ಎಂಬುದು ನಿಜ. ಆದರೆ ಆ ಮಾಡ್ಯೂಲಿನ ತಯಾರಿಕೆ ನಿಂತುಹೋಗಿತ್ತು, ನಮ್ಮ ಉಗ್ರಾಣದಲ್ಲಿ ಬದಲಿ ಇರಲಿಲ್ಲ. ಬಳಸಿದ ಮಾಡ್ಯೂಲುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ಎಲ್ಲಿ ಎಷ್ಟು ವರ್ಷ ಕಾದು ಬಂದಿವೆ ಎಂಬುದು ಕೊಳ್ಳುವವನಿಗೆ ತಿಳಿಯುವುದಿಲ್ಲ. ಲೂಪು ನಿಂತರೆ ಇಡೀ ತಯಾರಿಕೆಯೇ ನಿಲ್ಲುವಂಥ ಜಾಗದಲ್ಲಿ ಹಾಗೆ ತಂದ ಭಾಗವನ್ನು ಕೂರಿಸುವುದಕ್ಕೆ ನಾನು ಒಪ್ಪುವವನಲ್ಲ.

ಯಾವುದಕ್ಕೆ ಬದಲಾಯಿಸುವುದು

ಇಎನ್2ಟಿ ಮಾಡ್ಯೂಲ್ ಇಎನ್‌ಬಿಟಿಯ ಕೆಲಸವನ್ನೇ ಮಾಡುತ್ತದೆ, ಸಾಮರ್ಥ್ಯ ಇಮ್ಮಡಿ: ಹಳೆಯದರಲ್ಲಿ 64 ಟಿಸಿಪಿ (ಸಾಮಾನ್ಯ ಜಾಲ ಮಟ್ಟದ) ಹಾಗೂ 128 ಸಿಐಪಿ (ಕೈಗಾರಿಕಾ ನಿಯಂತ್ರಣ ಮಟ್ಟದ) ಸಂಪರ್ಕಗಳಿದ್ದರೆ ಹೊಸದರಲ್ಲಿ 128 ಹಾಗೂ 256. ಐ/ಓ ಪ್ಯಾಕೆಟ್ಟುಗಳ ಮಿತಿಯೂ 5000ದಿಂದ 10,000ಕ್ಕೆ ಏರುತ್ತದೆ. ಎರಡು ಪೋರ್ಟಿನ ಇಎನ್2ಟಿಆರ್ ಕೂಡ ಇದೆ. ಅದು ಉಂಗುರ ಜಾಲಕ್ಕೆ ಬೇಕಾದದ್ದು, ನಮ್ಮಲ್ಲಿ ಉಂಗುರವಿಲ್ಲ. ಹೊಸ ಮಾಡ್ಯೂಲ್ 5.1 ವೋಲ್ಟಿನ ಬ್ಯಾಕ್‌ಪ್ಲೇನಿನಿಂದ (ಮಾಡ್ಯೂಲುಗಳನ್ನು ಜೋಡಿಸುವ, ರ‍್ಯಾಕಿನ ಹಿಂಬದಿಯ ಫಲಕದಿಂದ) ಹಳೆಯದಕ್ಕಿಂತ 0.3 ಆಂಪಿಯರ್ ಹೆಚ್ಚು ಎಳೆಯುತ್ತದೆ, 0.7ರ ಬದಲು 1 ಆಂಪಿಯರ್. ರ‍್ಯಾಕಿನ 1756-ಪಿಎ72 ಪವರ್ ಸಪ್ಲೈ 10 ಆಂಪಿಯರ್ ಕೊಡಬಲ್ಲದ್ದರಿಂದ ಅದು ತೊಡಕಾಗಲಿಲ್ಲ. ತುಂಬಿದ ರ‍್ಯಾಕ್ ಇರುವವರು ಮಾತ್ರ ಈ ಕೂಡುವ ಲೆಕ್ಕವನ್ನು ಮಾಡಿಯೇ ಮುಂದುವರಿಯಬೇಕು.

ಇದೇ ಅವಕಾಶದಲ್ಲಿ ಕಂಟ್ರೋಲರನ್ನೂ ಬದಲಾಯಿಸಿಬಿಡೋಣ ಎಂಬ ಸಲಹೆ ಬಂದಿತ್ತು. ಎಲ್61 ಕಂಟ್ರೋಲರ್ ಆರ್‌ಎಸ್‌ಲಾಜಿಕ್ಸ್ 5000 ಎಂಬ ಪ್ರೋಗ್ರಾಮಿಂಗ್ ತಂತ್ರಾಂಶದ 20ನೆಯ ಆವೃತ್ತಿಗಿಂತ ಮೇಲೆ ಹೋಗುವುದಿಲ್ಲ, ಆದ್ದರಿಂದ ಅದರ ದಿನಗಳೂ ಎಣಿಕೆಯಲ್ಲಿವೆ ಎಂಬ ವಾದದಲ್ಲಿ ಹುರುಳಿತ್ತು. ಆದರೂ ಎರಡನ್ನೂ ಒಟ್ಟಿಗೆ ಮಾಡಬಾರದೆಂದು ನಾನು ಪಟ್ಟು ಹಿಡಿದೆ. ಎರಡು ಬದಲಾವಣೆಗಳನ್ನು ಒಂದೇ ರಾತ್ರಿ ಮಾಡಿದಾಗ ಏನಾದರೂ ಕೆಟ್ಟರೆ, ಯಾವುದರಿಂದ ಕೆಟ್ಟಿತೆಂದು ಹೇಳುವವರಿರುವುದಿಲ್ಲ. ಆರ್‌ಪಿಐಗಳನ್ನು ಮುಟ್ಟದೆ 10 ಮಿಲಿಸೆಕೆಂಡಿನಲ್ಲೇ ಬಿಟ್ಟದ್ದು ಸಹ ಇದೇ ಕಾರಣಕ್ಕೆ.

ಗುಣಮಟ್ಟ ವಿಭಾಗದವರು ಬದಲಾವಣೆ ನಿಯಂತ್ರಣದ ಅರ್ಜಿಯ ಮೇಲೆ ಕೇಳಿದ ಮೊದಲ ಪ್ರಶ್ನೆ, ಇದು ಇದ್ದದ್ದಕ್ಕೆ ಇದ್ದಂಥದೇ ಬದಲಿಯೋ ಅಲ್ಲವೋ ಎಂಬುದು. ಹೌದು ಎಂದರೆ ಕಾಗದ ಕಡಿಮೆ, ಪರೀಕ್ಷೆ ಕಡಿಮೆ. ಪ್ರೋಗ್ರಾಮಿನಲ್ಲಿ ಹಳೆಯ ಮಾಡ್ಯೂಲಿನ ಹೆಸರನ್ನೇ ಉಳಿಸಿಕೊಂಡು, ಎಲೆಕ್ಟ್ರಾನಿಕ್ ಕೀಯಿಂಗ್ ಎಂಬ ತಾಳೆ ನೋಡುವ ವ್ಯವಸ್ಥೆಯನ್ನು ಸಡಿಲಿಸಿ, ಹೊಸ ಮಾಡ್ಯೂಲನ್ನು ಅದರಡಿಯೇ ಓಡಿಸೋಣವೆಂದು ಸಿಸ್ಟಮ್ ಇಂಟಿಗ್ರೇಟರ್ ಕಡೆಯ ಬೆಳಗಾವಿಯ ಎಂಜಿನಿಯರರು ಸೂಚಿಸಿದ್ದರು. ಕೀಯಿಂಗ್ ಎಂದರೆ ಮಾಡ್ಯೂಲಿನ ತಯಾರಕ, ಬಗೆ, ಉತ್ಪನ್ನ ಸಂಖ್ಯೆ, ಫರ್ಮ್‌ವೇರ್ (ಮಾಡ್ಯೂಲಿನೊಳಗಿನ ತಂತ್ರಾಂಶ) ಆವೃತ್ತಿಗಳನ್ನು ಪ್ರೋಗ್ರಾಮಿನಲ್ಲಿ ಬರೆದದ್ದಕ್ಕೆ ಹೋಲಿಸಿ ನೋಡುವುದು. ಅದನ್ನು ಸಡಿಲಿಸಿ ಕೆಲಸ ಸಾಗಿಸುವವರೂ ಇದ್ದಾರೆ, ತುರ್ತಿನಲ್ಲಿ ಅದಕ್ಕೊಂದು ಜಾಗವೂ ಇದೆ. ಆದರೆ ಪ್ಯಾನೆಲಿನಲ್ಲಿ ಒಂದು ಮಾಡ್ಯೂಲ್, ಕಡತದಲ್ಲಿ ಇನ್ನೊಂದು ಮಾಡ್ಯೂಲ್ ಇದ್ದರೆ, ನಾಲ್ಕು ವರ್ಷಗಳ ಬಳಿಕ ನಡುರಾತ್ರಿ ಆ ಪ್ಯಾನೆಲಿನ ಬಾಗಿಲು ತೆರೆಯುವ ತಂತ್ರಜ್ಞನಿಗೆ ನಾವು ಸುಳ್ಳು ದಾಖಲೆ ಕೊಟ್ಟಂತಾಗುತ್ತದೆ. ಆದ್ದರಿಂದ ಇದು ಇದ್ದಂಥದೇ ಬದಲಿ ಅಲ್ಲವೆಂದು ಬರೆದುಕೊಟ್ಟು, ಪ್ರೋಗ್ರಾಮಿನಲ್ಲೂ ಸರಿಯಾದ ಮಾಡ್ಯೂಲನ್ನೇ ನಮೂದಿಸುವುದೆಂದು, ಅಳವಡಿಕೆ ಮತ್ತು ಕಾರ್ಯಾಚರಣೆ ಎರಡರ ಅರ್ಹತಾ ಪರೀಕ್ಷೆಗಳನ್ನೂ ಮಾಡುವುದೆಂದು ತೀರ್ಮಾನವಾಯಿತು.

ಸಮೀಕ್ಷೆ

ಇಎನ್‌ಬಿಟಿಯ ಐಪಿ ವಿಳಾಸ ಆ ಮಾಡ್ಯೂಲಿನ ಸ್ವಂತ ಸ್ಮೃತಿಯಲ್ಲಿ ಇರುತ್ತದೆ. ಸಬ್‌ನೆಟ್ (ಜಾಲದ ಉಪವಿಭಾಗ) ಮಾಸ್ಕ್, ಬೇರೆ ಸಬ್‌ನೆಟ್ಟಿಗೆ ದಾರಿಯಾಗುವ ಗೇಟ್‌ವೇಯ ವಿಳಾಸ, ಪೋರ್ಟಿನ ವೇಗದ ಹೊಂದಾಣಿಕೆ ಇವೂ ಅಲ್ಲಿಯೇ ಇರುತ್ತವೆ. ಕಂಟ್ರೋಲರಿನ ಪ್ರೋಗ್ರಾಮನ್ನು ಎಷ್ಟು ಜಾಗರೂಕತೆಯಿಂದ ಕಾಪಿಟ್ಟರೂ ಇವು ಅದರೊಡನೆ ಬರುವುದಿಲ್ಲ. ಹಳೆಯ ಮಾಡ್ಯೂಲನ್ನು ಹೊರಗೆಳೆದ ಕ್ಷಣ ಇವೆಲ್ಲ ಅದರ ಜೊತೆಗೇ ಹೋಗಿಬಿಡುತ್ತವೆ. ಹಾಗಾಗಿ ಹಳೆಯದು ಇನ್ನೂ ಓಡುತ್ತಿರುವಾಗಲೇ ಬ್ರೌಸರಿನಲ್ಲಿ ಅದರ ವಿಳಾಸ ಹೊಡೆದು, ಡಯಾಗ್ನಾಸ್ಟಿಕ್ ಪುಟಗಳನ್ನೆಲ್ಲ ಮುದ್ರಿಸಿ ತೆಗೆದುಕೊಂಡೆವು.

ಆ ಪುಟಗಳಿಂದ ತಿಳಿದ ಒಂದು ಸಂಗತಿ ಗೇಟ್‌ವೇಯದು. ದಾಖಲೆ ಸರ್ವರ್ ಆಡಳಿತ ಕಟ್ಟಡದ ಬೇರೆ ಸಬ್‌ನೆಟ್ಟಿನಲ್ಲಿದೆ. ಗೇಟ್‌ವೇ ತುಂಬದೆ ಬಿಟ್ಟಿದ್ದರೆ ಪಂಪುಗಳೂ ಸ್ಕಾಡಾವೂ ಸುಸೂತ್ರವಾಗಿ ನಡೆಯುತ್ತಿದ್ದವು, ದಾಖಲೆ ಮಾತ್ರ ಸದ್ದಿಲ್ಲದೆ ನಿಲ್ಲುತ್ತಿತ್ತು. ಔಷಧ ಘಟಕದಲ್ಲಿ ದಾಖಲೆ ಇಲ್ಲದ ನೀರು ಬಳಸಲಾಗದ ನೀರು.

ಎರಡನೆಯ ಸಂಗತಿ ಸ್ವಿಚ್ಚಿನದು. ಘಟಕದ ಮಾಹಿತಿ ತಂತ್ರಜ್ಞಾನ ವಿಭಾಗವು ಭದ್ರತೆಗಾಗಿ ಮೇಲಿನ ಹಂತದ ಸ್ವಿಚ್ಚಿನ ಕೆಲವು ಪೋರ್ಟುಗಳನ್ನು ನಿರ್ದಿಷ್ಟ ಮ್ಯಾಕ್ ವಿಳಾಸಗಳಿಗೆ (ಪ್ರತಿ ಉಪಕರಣಕ್ಕೂ ತಯಾರಕರೇ ಕೊಟ್ಟ ಗುರುತು ಸಂಖ್ಯೆಗಳಿಗೆ) ಕಟ್ಟಿಹಾಕಿತ್ತು. ಹೊಸ ಮಾಡ್ಯೂಲಿಗೆ ಹಳೆಯ ಐಪಿಯನ್ನೇ ಕೊಟ್ಟರೂ ಮ್ಯಾಕ್ ಬೇರೆಯದೇ. ಮಾಡ್ಯೂಲಿನ ಮೇಲೆ ಅಚ್ಚಾಗಿರುವ ಮ್ಯಾಕ್ ವಿಳಾಸವನ್ನು ಮೊದಲೇ ಬರೆದು ಅವರಿಗೆ ಕಳಿಸಿ, ಪಟ್ಟಿಗೆ ಸೇರಿಸಿಸಿಕೊಂಡೆವು.

ಮೂರನೆಯದು ಪ್ರೋಗ್ರಾಮಿನ ಒಳಗಿನದು. ನೀರಿನ ಪಿಎಲ್‌ಸಿ ಬಾಯ್ಲರ್ ಮತ್ತು ಚಿಲ್ಲರ್ ಪ್ಯಾನೆಲುಗಳ ಜೊತೆ ಮೆಸೇಜ್ ಸೂಚನೆಗಳ ಮೂಲಕ ಮಾತಾಡುತ್ತದೆ, ಅವುಗಳ ಹಾದಿಯಲ್ಲಿ ಸ್ಥಳೀಯ ಈಥರ್ನೆಟ್ ಮಾಡ್ಯೂಲಿನ ಹೆಸರು ಮೊದಲ ಮೆಟ್ಟಿಲಾಗಿರುತ್ತದೆ. ಹಿಂದೆ ಪ್ರೋಗ್ರಾಮ್ ಬರೆದವರು ಆ ಮಾಡ್ಯೂಲಿಗೆ ಅದರ ಮಾದರಿ ಸಂಖ್ಯೆಯನ್ನೇ ಹೆಸರಾಗಿ ಇಟ್ಟಿದ್ದರು. ಅದನ್ನು ಹಾಗೇ ಉಳಿಸಿದರೆ ಮುಂದೆ ಗೊಂದಲ, ಬದಲಿಸಿದರೆ ಪ್ರತಿ ಹಾದಿಯನ್ನೂ ತೆರೆದು ತಿದ್ದಬೇಕು. ಮಾಡುವ ಕೆಲಸವನ್ನು ಸೂಚಿಸುವ ಹೆಸರನ್ನು ಇಟ್ಟು, ಪ್ರತಿಯೊಂದು ಮೆಸೇಜ್ ಸೂಚನೆಯನ್ನೂ ಕೈಯಿಂದಲೇ ತೆರೆದು ತಿದ್ದಿದೆವು. ಮಾದರಿ ಸಂಖ್ಯೆಯನ್ನು ಹೆಸರಾಗಿ ಇಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಪ್ರೋಗ್ರಾಮಿನ ಕಡತದ ವಿಷಯ ಇನ್ನೂ ಕಷ್ಟದ್ದು. 20ನೆಯ ಆವೃತ್ತಿಯವರೆಗಿನ ಕಂಟ್ರೋಲರುಗಳು ಟ್ಯಾಗುಗಳ, ಅಂದರೆ ಪ್ರೋಗ್ರಾಮಿನಲ್ಲಿ ಹೆಸರಿಟ್ಟ ಮೌಲ್ಯಗಳ, ವಿವರಣೆಗಳನ್ನೂ ಷರಾಗಳನ್ನೂ ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ, ಅವು ಕಂಪ್ಯೂಟರಿನ ಕಡತದಲ್ಲಿ ಮಾತ್ರ ಇರುತ್ತವೆ. ಕಂಟ್ರೋಲರಿನಿಂದ ಬರಿದೇ ಮೇಲೆತ್ತಿದರೆ ವಿವರಣೆಗಳಿಲ್ಲದ ಪ್ರೋಗ್ರಾಮ್ ಸಿಗುತ್ತದೆ. ಬೇರೆ ಬೇರೆ ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೊಂದು ಹೊಂದದ ಕಡತಗಳಿದ್ದವು. ಅವನ್ನೆಲ್ಲ ಓಡುತ್ತಿರುವ ಕಂಟ್ರೋಲರಿನ ಜೊತೆ ಹೋಲಿಸಿ, ತಾಳೆಯಾದ ಒಂದನ್ನು ಅಧಿಕೃತ ಪ್ರತಿಯೆಂದು ಗೊತ್ತುಪಡಿಸಿ, ಉಳಿದವನ್ನು ಬೇರೆಡೆಗೆ ಸರಿಸಿದೆವು.

ಮೇಜಿನ ಮೇಲಿನ ತಾಲೀಮು

ಬಿಡಿ ರ‍್ಯಾಕೊಂದರಲ್ಲಿ ಹೊಸ ಮಾಡ್ಯೂಲನ್ನು ಕೂರಿಸಿ ನಿರ್ವಹಣಾ ಕೊಠಡಿಯ ಮೇಜಿನ ಮೇಲೆ ಪೂರ್ವಸಿದ್ಧತೆ ನಡೆಯಿತು. ಇಎನ್2ಟಿಯಲ್ಲಿ ಹಳೆಯದರಲ್ಲಿಲ್ಲದ ಎರಡು ಸೌಕರ್ಯಗಳಿವೆ: ಮುಂಭಾಗದಲ್ಲಿ ಯುಎಸ್‌ಬಿ ಪೋರ್ಟು, ಮೇಲ್ಭಾಗದಲ್ಲಿ ವಿಳಾಸ ಹೊಂದಿಸುವ ಮೂರು ತಿರುಗು ಸ್ವಿಚ್ಚುಗಳು. ಸ್ವಿಚ್ಚುಗಳನ್ನು 001ರಿಂದ 254ರ ನಡುವಿನ ಸಂಖ್ಯೆಗೆ ತಿರುಗಿಸಿದರೆ ಮಾಡ್ಯೂಲ್ 192.168.1 ಎಂದು ಮೊದಲಾಗುವ ವಿಳಾಸವನ್ನು ತೆಗೆದುಕೊಳ್ಳುತ್ತದೆ. ನಮ್ಮ ಜಾಲದ ವಿಳಾಸಗಳು 10ರಿಂದ ಮೊದಲಾಗುವುದರಿಂದ ಈ ಸೌಕರ್ಯ ನಮಗೆ ಒದಗಲಿಲ್ಲ. ಕಾರ್ಖಾನೆಯಿಂದ ಬಂದಂತೆ 999ರಲ್ಲೇ ಬಿಟ್ಟು, ಯುಎಸ್‌ಬಿ ಮೂಲಕ ವಿಳಾಸ, ಮಾಸ್ಕ್, ಗೇಟ್‌ವೇಗಳನ್ನು ತುಂಬಿ, ವಿಳಾಸವನ್ನು ಜಾಲದಿಂದ ಕೇಳಿ ಪಡೆಯುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ಸ್ಥಗಿತಗೊಳಿಸಿದೆವು. ಅದನ್ನು ಸ್ಥಗಿತಗೊಳಿಸದಿದ್ದರೆ ಮುಂದಿನ ಸಲ ವಿದ್ಯುತ್ ಹೋಗಿ ಬಂದಾಗ ಮಾಡ್ಯೂಲ್ ವಿಳಾಸಕ್ಕಾಗಿ ಕಾಯುತ್ತ ಕೂರುತ್ತದೆ. ಮಳೆಗಾಲದ ಗೋವೆಯಲ್ಲಿ ಕರೆಂಟು ಹೋಗಿ ಬರುವುದು ಅಪರೂಪವಲ್ಲ. ಆ ಸ್ವಿಚ್ಚುಗಳನ್ನು ಯಾರೂ 888ಕ್ಕೆ ತಿರುಗಿಸಬಾರದು. ಆ ಸಂಖ್ಯೆಯಲ್ಲಿಟ್ಟು ಪವರ್ ಕೊಟ್ಟರೆ ತುಂಬಿದ್ದೆಲ್ಲ ಅಳಿಸಿ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಪ್ಯಾನೆಲಿನ ಬಾಗಿಲಿನ ಒಳಗೆ ಈ ಮಾತನ್ನು ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರರಲ್ಲೂ ಬರೆದು ಅಂಟಿಸಲಾಗಿದೆ.

ಫರ್ಮ್‌ವೇರನ್ನು ಕಂಟ್ರೋಲ್‌ಫ್ಲ್ಯಾಶ್ ತಂತ್ರಾಂಶದಿಂದ ಪ್ರೋಗ್ರಾಮಿನಲ್ಲಿ ನಮೂದಿಸುವ ಆವೃತ್ತಿಗೆ ತಂದೆವು. ಸ್ಕಾಡಾ ಸರ್ವರಿನ ಸಂವಹನ ತಂತ್ರಾಂಶ ಆರ್‌ಎಸ್‌ಲಿಂಕ್ಸ್‌ಗೆ ಹೊಸ ಮಾಡ್ಯೂಲನ್ನು ಪರಿಚಯಿಸುವ ಇಡಿಎಸ್ ಕಡತ ಇರಲಿಲ್ಲ, ಅದನ್ನು ಮೊದಲೇ ನೋಂದಾಯಿಸಿದೆವು; ಇಲ್ಲವಾದರೆ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು.

ಈ ಹಂತದಲ್ಲಿ ಬಹಳ ಚರ್ಚೆಯಾದದ್ದು ಟ್ಯಾಗ್ ಮೌಲ್ಯಗಳ ಬಗ್ಗೆ. ಮಾಡ್ಯೂಲಿನ ಕೆಳಗೆ ಡ್ರೈವುಗಳೂ ಐ/ಓ ಪೆಟ್ಟಿಗೆಗಳೂ ಇರುವುದರಿಂದ ಓಡುತ್ತಿರುವ ಕಂಟ್ರೋಲರಿನಲ್ಲಿಯೇ ಅದನ್ನು ಅಳಿಸಿ ಮತ್ತೊಂದನ್ನು ಸೇರಿಸಲು ಬರುವುದಿಲ್ಲ. ಕಡತದಲ್ಲಿ ತಿದ್ದಿ ಪೂರ್ತಿ ಡೌನ್‌ಲೋಡ್ ಮಾಡಬೇಕು. ಡೌನ್‌ಲೋಡ್ ಮಾಡಿದಾಗ ಕಡತದಲ್ಲಿರುವ ಮೌಲ್ಯಗಳೇ ಕಂಟ್ರೋಲರಿನ ಮೌಲ್ಯಗಳಾಗುತ್ತವೆ. ತಿಂಗಳ ಹಿಂದೆ ಉಳಿಸಿದ ಕಡತವಾದರೆ ಬಿಸಿನೀರಿನ ಸ್ಯಾನಿಟೈಸೇಶನ್ನಿನ ಸಮಯ, ಪಿಐಡಿ ಎಂಬ ಸ್ವಯಂ ನಿಯಂತ್ರಣ ಲೆಕ್ಕದ ಹೊಂದಾಣಿಕೆಗಳು, ಎಚ್ಚರಿಕೆ ಮಿತಿಗಳು, ಫಿಲ್ಟರುಗಳು ಓಡಿದ ಗಂಟೆಗಳ ಲೆಕ್ಕ ಎಲ್ಲವೂ ತಿಂಗಳ ಹಿಂದಿನ ಸ್ಥಿತಿಗೆ ಹೋಗುತ್ತವೆ, ಮತ್ತು ಪರದೆಯ ಮೇಲೆ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ತಾಲೀಮಿನಲ್ಲಿ ತಿದ್ದಿದ ಕಡತವನ್ನು ಬಳಸುವುದೇ ಇಲ್ಲವೆಂದು ನಿರ್ಧರಿಸಿದೆವು. ತಿದ್ದುವ ವಿಧಾನವನ್ನು ಮಾತ್ರ ಕೈಗೆ ಒಗ್ಗುವಂತೆ ಅಭ್ಯಾಸ ಮಾಡಿ, ಆ ದಿನ ಕಂಟ್ರೋಲರನ್ನು ಪ್ರೋಗ್ರಾಮ್ ಸ್ಥಿತಿಗೆ ತಂದ ಮೇಲೆ ಮೌಲ್ಯಗಳ ಸಮೇತ ಹೊಸದಾಗಿ ಅಪ್‌ಲೋಡ್ ಮಾಡಿ, ಅದೇ ಕಡತದಲ್ಲಿ ಮೊದಲಿನಿಂದ ಮತ್ತೆ ತಿದ್ದುವುದು. ವಿಧಾನ ಇಷ್ಟು: ಖಾಲಿ ಸ್ಲಾಟಿನಲ್ಲಿ ಇಎನ್2ಟಿಯನ್ನು ಸೇರಿಸಿ, ಹಳೆಯದರ ಕೆಳಗಿನ ಉಪಕರಣಗಳನ್ನು ಕತ್ತರಿಸಿ ಹೊಸದರ ಕೆಳಗೆ ಅಂಟಿಸಿ, ಹಳೆಯದನ್ನು ಅಳಿಸಿ, ಹೊಸದರ ಸ್ಲಾಟ್ ಸಂಖ್ಯೆಯನ್ನು ಸರಿಪಡಿಸುವುದು. ಕತ್ತರಿಸುವ ಬದಲು ನಕಲು ಮಾಡಿದರೆ ಉಪಕರಣಗಳ ಹೆಸರಿಗೆ ಬಾಲ ಸೇರಿಕೊಂಡು, ಅವುಗಳ ಟ್ಯಾಗ್ ಹೆಸರೂ ಬದಲಾಗುತ್ತದೆ. ಪ್ರೋಗ್ರಾಮಿನ ಸಾಲುಗಳು ಆಗ ಅವನ್ನು ಗುರುತಿಸುವುದಿಲ್ಲ.

ಬದಲಾವಣೆಯ ದಿನ

ಚವತಿಯ ರಜೆಯನ್ನು ಇದಕ್ಕೆ ಗೊತ್ತುಪಡಿಸಲಾಗಿತ್ತು. ಗೋವೆಯಲ್ಲಿ ಗಣೇಶನ ಹಬ್ಬಕ್ಕೆ ಎಲ್ಲರೂ ಊರಿನ ಮನೆಗಳಿಗೆ ಹೋಗುವುದರಿಂದ ತಯಾರಿಕೆ ನಿಂತಿರುತ್ತದೆ. ಹುಬ್ಬಳ್ಳಿ, ಕಾರವಾರ ಕಡೆಯ ನಮ್ಮ ತಂತ್ರಜ್ಞರು ತಮ್ಮ ಮನೆಯ ಹಬ್ಬವನ್ನು ಬದಿಗಿಟ್ಟು ಉಳಿದುಕೊಂಡದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ತಯಾರಿಕೆ ನಿಂತಿದ್ದರೂ ಲೂಪು ನಿಲ್ಲುವಂತಿಲ್ಲ. ಸಂಪರ್ಕ ಕಡಿದಾಗ ಏನು ಮಾಡಬೇಕೆಂಬುದು ಡ್ರೈವಿನ ಒಳಗೇ ಹೊಂದಿಸಿರುತ್ತದೆ, ನಮ್ಮವು ಫಾಲ್ಟ್ ಆಗಿ ನಿಲ್ಲುವಂತೆ ಇದ್ದವು. ಸುರಕ್ಷತೆಯ ದೃಷ್ಟಿಯಿಂದ ಅದೇ ಸರಿ, ಅದನ್ನು ಬದಲಿಸಲಿಲ್ಲ. ಲೂಪಿನ ಪಂಪಿನ ಡ್ರೈವೊಂದನ್ನು ಕೀಪ್ಯಾಡಿನಿಂದ ಸ್ಥಳೀಯ ನಿಯಂತ್ರಣಕ್ಕೆ ತೆಗೆದುಕೊಂಡು, ಜಾಲದ ನೆರವಿಲ್ಲದೆಯೂ ಅದು ಓಡುವುದನ್ನು ಖಾತ್ರಿ ಮಾಡಿಕೊಂಡು, ನಿಗದಿತ ವೇಗದಲ್ಲಿ ಓಡಲು ಬಿಟ್ಟೆವು. ಒಬ್ಬರು ಪಂಪಿನ ಬಳಿಯೇ ನಿಂತು, ಒತ್ತಡ ಮತ್ತು ಮರಳುವ ಹರಿವಿನ ಮೀಟರುಗಳನ್ನು ನೋಡುತ್ತ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಸ್ಕಾಡಾದಲ್ಲಿ ದಾಖಲೆಯಿಲ್ಲದ ಅವಧಿಗೆ ಆ ಕಾಗದವೇ ದಾಖಲೆ.

ರ‍್ಯಾಕಿನ ಪವರ್ ಆರಿಸಲಿಲ್ಲ. ಎಲ್61 ಕಂಟ್ರೋಲರಿನ ಸ್ಮೃತಿ ಬ್ಯಾಟರಿಯ ಆಸರೆಯಲ್ಲಿ ನಿಂತಿರುತ್ತದೆ. ಬ್ಯಾಟರಿ ದೀಪ ಆರಿದ್ದು ಎಲ್ಲ ಸರಿಯಿದೆಯೆಂದು ಹೇಳುತ್ತಿದ್ದರೂ ಆ ಗಳಿಗೆಯಲ್ಲಿ ಅದನ್ನು ಪರೀಕ್ಷೆಗೆ ಒಡ್ಡುವ ಅಗತ್ಯ ಇರಲಿಲ್ಲ. ಅಪಾಯಕಾರಿ ಅನಿಲವಿಲ್ಲದ ಜಾಗದಲ್ಲಿ ಪವರ್ ಇರುವಾಗಲೇ ಮಾಡ್ಯೂಲ್ ತೆಗೆದು ಹಾಕಲು ಈ ರ‍್ಯಾಕ್ ಅವಕಾಶ ಕೊಡುತ್ತದೆ. ಕೀಲಿಯನ್ನು ಪ್ರೋಗ್ರಾಮ್ ಕಡೆಗೆ ತಿರುಗಿಸಿ, ಅಪ್‌ಲೋಡ್ ಮುಗಿಸಿ, ಕಡತದಲ್ಲಿ ತಿದ್ದಿ, ದೋಷವಿಲ್ಲವೆಂದು ಪರಿಶೀಲಿಸಿದ ಮೇಲೆ ಹಳೆಯ ಮಾಡ್ಯೂಲನ್ನು ಎಳೆದು ಹೊಸದನ್ನು ಕೂರಿಸಲಾಯಿತು. ಎಲ್61ರಲ್ಲಿ ಸೀರಿಯಲ್ ಪೋರ್ಟ್ ಬಿಟ್ಟರೆ ಬೇರೆ ಇಲ್ಲ. ಇಎನ್2ಟಿಯ ಯುಎಸ್‌ಬಿಗೆ ಲ್ಯಾಪ್‌ಟಾಪ್ ಜೋಡಿಸಿ, ಬ್ಯಾಕ್‌ಪ್ಲೇನಿನ ಮೂಲಕ ಕಂಟ್ರೋಲರನ್ನು ತಲುಪಿ, ಈಥರ್ನೆಟ್ ಕೇಬಲ್ ಚುಚ್ಚುವ ಮೊದಲೇ ಡೌನ್‌ಲೋಡ್ ಮುಗಿಸಿದೆವು. ಇದರಿಂದ ಬಹಳ ಅನುಕೂಲವಾಯಿತು. ಕೇಬಲ್ ಜೋಡಿಸಿದ ಕೂಡಲೇ ಮಾಡ್ಯೂಲಿನ ಪುಟ್ಟ ಪರದೆಯಲ್ಲಿ ವಿಳಾಸ ಸರಿಯತೊಡಗಿತು, 24 ಸಂಪರ್ಕಗಳೂ ಒಂದೊಂದಾಗಿ ಕೂಡಿಕೊಂಡವು, ಸ್ಕಾಡಾ ಜೀವಂತವಾಯಿತು, ದಾಖಲೆ ಸರ್ವರೂ ಬರೆಯಲು ಶುರುಮಾಡಿತು.

ಡ್ಯೂಪ್ಲೆಕ್ಸ್ ಹೊಂದಾಣಿಕೆಯ ತೊಡಕು

ಸಂಜೆಯ ಪರೀಕ್ಷಾ ಓಟದಲ್ಲಿ ಎಲ್ಲ ಪಂಪುಗಳನ್ನೂ ಜಾಲದ ನಿಯಂತ್ರಣಕ್ಕೆ ತಂದು, ಸ್ಯಾನಿಟೈಸೇಶನ್ ಚಕ್ರವನ್ನೂ ಓಡಿಸಿದಾಗ ಡ್ರೈವುಗಳ ಸಂಪರ್ಕ ಕಡಿಯಲು ಮೊದಲಾಯಿತು. ಹಳೆಯ ಮಾಡ್ಯೂಲಿನಲ್ಲಿದ್ದುದಕ್ಕಿಂತಲೂ ಹೆಚ್ಚಾಗಿ ಕಡಿಯುತ್ತಿತ್ತು. ಸಾಮರ್ಥ್ಯ ಇಮ್ಮಡಿಯಾದ ಮೇಲೆ ಹೀಗಾಗುವುದು ಲೆಕ್ಕಕ್ಕೆ ಸಿಗದ ಮಾತು. ಪುಟ್ಟ ಸಂಕೇತವನ್ನು ಮೊದಲು ಗಮನಿಸಿದವರು ನಮ್ಮ ಹಿರಿಯ ತಂತ್ರಜ್ಞರು, ಹುಬ್ಬಳ್ಳಿ ಕಡೆಯವರು.

"ಸರ್ರ, ಹಳೇ ಮಾಡ್ಯೂಲ್ ಇದ್ದಾಗ ಸ್ವಿಚ್ಚಿನ ಈ ಪೋರ್ಟಿಗೆ ಎರಡೂ ದೀಪ ಹತ್ತಿರ್ತಿದ್ವು. ಮಾಡ್ಯೂಲಿನ ಪುಟದಾಗ ಏನ್ ತೋರಸ್ತೈತಿ ಒಂದ್ಸಲ ನೋಡ್ರಿ, ನನಗ ಇದು ಮೊದಲಿನಂಗ ಕಾಣವಲ್ದು."

ಡಯಾಗ್ನಾಸ್ಟಿಕ್ ಪುಟ ತೆರೆದೆವು. ವೇಗ 100 ಎಂಬಿಪಿಎಸ್, ಡ್ಯೂಪ್ಲೆಕ್ಸ್ ಹಾಫ್, ಅಂದರೆ ಒಮ್ಮೆಗೆ ಒಂದೇ ದಿಕ್ಕಿನಲ್ಲಿ ಮಾಹಿತಿ; ಫುಲ್ ಆದರೆ ಎರಡೂ ದಿಕ್ಕಿನಲ್ಲಿ ಒಟ್ಟಿಗೆ. ಅದರ ಕೆಳಗೆ ತಡವಾದ ಘರ್ಷಣೆಗಳ ಎಣಿಕೆ, ಪುಟವನ್ನು ಮತ್ತೆ ತೆರೆದಾಗಲೆಲ್ಲ ಏರುತ್ತಿತ್ತು.

ಕಾರಣ ಹೀಗಿದೆ. ಎರಡು ಈಥರ್ನೆಟ್ ಪೋರ್ಟುಗಳು ಜೋಡಣೆಯಾದಾಗ, ಇಬ್ಬರೂ ಸ್ವಯಂ ಮಾತುಕತೆಯಲ್ಲಿದ್ದರೆ ವೇಗವನ್ನೂ ಡ್ಯೂಪ್ಲೆಕ್ಸನ್ನೂ ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಒಂದು ಬದಿಯನ್ನು 100 ಫುಲ್ ಎಂದು ಸ್ಥಿರಗೊಳಿಸಿ, ಇನ್ನೊಂದು ಬದಿಯನ್ನು ಸ್ವಯಂ ಮಾತುಕತೆಗೆ ಬಿಟ್ಟರೆ, ಸ್ಥಿರವಾದ ಬದಿ ಮಾತುಕತೆಗೆ ಉತ್ತರಿಸುವುದಿಲ್ಲ. ಎದುರಿನವನು ಸಂಕೇತ ನೋಡಿ ವೇಗವನ್ನು ಊಹಿಸಬಲ್ಲ, ಡ್ಯೂಪ್ಲೆಕ್ಸನ್ನು ಊಹಿಸಲಾರ, ಆದ್ದರಿಂದ ನಿಯಮದಂತೆ ಹಾಫ್‌ಗೆ ಇಳಿಯುತ್ತಾನೆ. ಫುಲ್‌ನಲ್ಲಿರುವ ಸ್ವಿಚ್ಚು ತನಗೆ ಬೇಕಾದಾಗ ಕಳಿಸುತ್ತದೆ. ಹಾಫ್‌ನಲ್ಲಿರುವ ಮಾಡ್ಯೂಲ್ ತಾನು ಕಳಿಸುತ್ತಿರುವಾಗ ಎದುರಿನಿಂದ ಬಂದದ್ದನ್ನು ಘರ್ಷಣೆಯೆಂದು ತಿಳಿದು, ಕಳಿಸುತ್ತಿದ್ದ ಪ್ಯಾಕೆಟ್ಟನ್ನು ನಡುವೆಯೇ ಕೈಬಿಡುತ್ತದೆ. ಸ್ವಿಚ್ಚಿನ ಕಡೆ ಅದು ತುಂಡಾದ, ತಾಳೆ ಬಾರದ ಪ್ಯಾಕೆಟ್ಟಾಗಿ ಕಾಣುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡುವ ಸಂದರ್ಭ ಕಡಿಮೆಯಿದ್ದಾಗ ಇದು ಬೆಳಕಿಗೆ ಬರುವುದಿಲ್ಲ. ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರವೂ ಚೆನ್ನಾಗಿಯೇ ಬರುತ್ತದೆ. ಸೆಕೆಂಡಿಗೆ 4800 ಪ್ಯಾಕೆಟ್ಟುಗಳ ಎರಡೂ ಕಡೆಯ ಸಂಚಾರದ ಮೇಲೆ ಸ್ಕಾಡಾದ ವಿಚಾರಣೆಗಳೂ ದಟ್ಟವಾದಾಗ ಸತತ ಪ್ಯಾಕೆಟ್ಟುಗಳು ಕಳೆದು, ಡ್ರೈವ್ ಸಂಪರ್ಕ ಹೋಯಿತೆಂದು ತೀರ್ಮಾನಿಸುತ್ತದೆ. ಜಾಲದ ಸಾಮರ್ಥ್ಯದ ಬಳಕೆ ಶೇಕಡಾ ಹತ್ತರಷ್ಟೂ ಇಲ್ಲದಿರುವಾಗ ಹೀಗಾಗುವುದರಿಂದ ನೋಡುವವರ ಗಮನ ಬೇರೆಲ್ಲೋ ಹೋಗುತ್ತದೆ.

ಮೂಲ ಅಳವಡಿಕೆಯ ಕಾಲದಲ್ಲಿ ಪ್ಯಾನೆಲಿನ ಸ್ವಿಚ್ಚನ್ನೂ ಹಳೆಯ ಮಾಡ್ಯೂಲನ್ನೂ 100 ಫುಲ್‌ಗೆ ಸ್ಥಿರಗೊಳಿಸಿದ್ದರು. ಸಮೀಕ್ಷೆಯಲ್ಲಿ ಮುದ್ರಿಸಿದ ಪುಟ 100 ಫುಲ್ ಎಂದೇ ಹೇಳುತ್ತಿತ್ತು. ಅದು ಮಾತುಕತೆಯಿಂದ ಬಂದ ಸ್ಥಿತಿಯೋ ಸ್ಥಿರಗೊಳಿಸಿದ ಸ್ಥಿತಿಯೋ ಎಂಬುದು ಆ ಪುಟದಲ್ಲಿ ಇರುವುದಿಲ್ಲ, ಮಾಡ್ಯೂಲಿನ ಪೋರ್ಟ್ ಹೊಂದಾಣಿಕೆಯ ಕಿಟಕಿಯಲ್ಲಿ ಇರುತ್ತದೆ. ಸ್ವಿಚ್ಚಿನ ಪಾಸ್‌ವರ್ಡ್ ಹಿಂದಿನ ಗುತ್ತಿಗೆದಾರರ ಬಳಿ ಇತ್ತು. ಮೇಜಿನ ತಾಲೀಮಿನಲ್ಲಿ ಬಳಸಿದ್ದು ಸಾದಾ ಸ್ವಿಚ್ಚು, ಅದರಲ್ಲಿ ಎಲ್ಲ ಪೋರ್ಟುಗಳೂ ಸ್ವಯಂ ಮಾತುಕತೆಯವೇ. ತಾಲೀಮಿಗೆ ಪ್ಯಾನೆಲಿನದೇ ಮಾದರಿಯ, ಅದೇ ಹೊಂದಾಣಿಕೆಯ ಸ್ವಿಚ್ಚು ಬೇಕು ಎಂಬುದನ್ನು ಈಗ ನಮ್ಮ ಕಾರ್ಯವಿಧಾನದಲ್ಲಿ ಸೇರಿಸಿದ್ದೇವೆ.

ಪಾಸ್‌ವರ್ಡ್ ಇಲ್ಲದ ಆ ರಾತ್ರಿ ಮಾಡ್ಯೂಲಿನ ಬದಿಯನ್ನೇ 100 ಫುಲ್‌ಗೆ ಸ್ಥಿರಗೊಳಿಸಿ, ಅದನ್ನು ಜಾರಿಗೆ ತರಲು ಮಾಡ್ಯೂಲನ್ನು ರೀಸೆಟ್ ಮಾಡಿದೆವು. ಅಷ್ಟು ಹೊತ್ತು ಲೂಪಿನ ಪಂಪು ಮತ್ತೆ ಕೀಪ್ಯಾಡಿನ ವಶದಲ್ಲಿತ್ತು. ಘರ್ಷಣೆಗಳ ಎಣಿಕೆ ಅಲ್ಲಿಗೇ ನಿಂತಿತು. ಸ್ಯಾನಿಟೈಸೇಶನ್ ಚಕ್ರವನ್ನು ಮೊದಲಿನಿಂದ ಪೂರ್ತಿ ಓಡಿಸಿದಾಗ ಒಂದು ಸಂಪರ್ಕವೂ ಕಡಿಯಲಿಲ್ಲ. ಎರಡೂ ಬದಿ ಸ್ಥಿರವಾಗಿರುವುದಕ್ಕಿಂತ ಎರಡೂ ಬದಿ ಸ್ವಯಂ ಮಾತುಕತೆಯಲ್ಲಿರುವುದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಮುಂದೆ ಇನ್ನಾರೋ ಮಾಡ್ಯೂಲ್ ಬದಲಿಸಿದಾಗ ಹೊಸದು ಕಾರ್ಖಾನೆಯಿಂದ ಬರುವುದು ಅದೇ ಸ್ಥಿತಿಯಲ್ಲಿ. ಗುತ್ತಿಗೆದಾರರಿಂದ ಪಾಸ್‌ವರ್ಡ್ ಪಡೆದ ಮೇಲೆ, ಪ್ರತ್ಯೇಕ ಅರ್ಜಿಯಡಿ, ಸ್ವಿಚ್ಚಿನ ಪೋರ್ಟನ್ನೂ ಮಾಡ್ಯೂಲನ್ನೂ ಒಟ್ಟಿಗೆ ಸ್ವಯಂ ಮಾತುಕತೆಗೆ ತಂದೆವು. ಆ ಸ್ವಿಚ್ಚಿನ ಹೊಂದಾಣಿಕೆಯ ಕಡತ ಈಗ ಪಿಎಲ್‌ಸಿ ಪ್ರೋಗ್ರಾಮಿನ ಪಕ್ಕದಲ್ಲೇ ಕಾಪಿಟ್ಟಿದೆ.

ನಂತರದ ಕ್ರಮಗಳು

ನೀರಿನ ಮಾದರಿಗಳ ಸೂಕ್ಷ್ಮಜೀವಿ ಪರೀಕ್ಷೆಯ ಫಲಿತಾಂಶಗಳು ಮಿತಿಯೊಳಗೆ ಬಂದ ಮೇಲೆ ಗುಣಮಟ್ಟ ವಿಭಾಗವು ಬದಲಾವಣೆ ನಿಯಂತ್ರಣದ ಅರ್ಜಿಯನ್ನು ಮುಕ್ತಾಯಗೊಳಿಸಿತು. ಆರ್‌ಪಿಐಗಳನ್ನು ಸಡಿಲಿಸಿದ್ದು ಅದಾದ ಮೇಲೆ. ನೀರಿನ ಒತ್ತಡವಾಗಲಿ ತಾಪವಾಗಲಿ 10 ಮಿಲಿಸೆಕೆಂಡಿನಲ್ಲಿ ಬದಲಾಗುವ ವಸ್ತುವಲ್ಲ. ಪಂಪಿನ ಡ್ರೈವುಗಳಿಗೆ 100 ಮಿಲಿಸೆಕೆಂಡ್, ಐ/ಓ ಪೆಟ್ಟಿಗೆಗಳಿಗೆ 20 ಮಿಲಿಸೆಕೆಂಡ್ ಇಟ್ಟರೆ ಕೆಲಸಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಡ್ರೈವುಗಳಿಂದ 280, ಪೆಟ್ಟಿಗೆಗಳಿಂದ 1000, ಒಟ್ಟು ಸೆಕೆಂಡಿಗೆ 1280 ಪ್ಯಾಕೆಟ್. ಹೊಸ ಮಾಡ್ಯೂಲಿನ ಮಿತಿಯ ಎಂಟನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ.

ಎಲ್61 ಕಂಟ್ರೋಲರಿನ ಬದಲಾವಣೆಗೆ ಬೇರೆ ಅರ್ಜಿ ಸಿದ್ಧವಾಗುತ್ತಿದೆ. ಅದಕ್ಕೆ ಬೇಕಾದ ಸಮೀಕ್ಷೆಯಲ್ಲಿ ಪ್ರತಿ ಪೋರ್ಟಿನ ಸದ್ಯದ ಸ್ಥಿತಿ ಮತ್ತು ಆ ಸ್ಥಿತಿ ಬಂದ ಬಗೆ ಎರಡಕ್ಕೂ ಬೇರೆ ಬೇರೆ ಅಂಕಣಗಳನ್ನು ಮಾಡಲಾಗಿದೆ. ಬಾಯ್ಲರ್ ಮತ್ತು ಚಿಲ್ಲರ್ ಪ್ಯಾನೆಲುಗಳಲ್ಲಿ ಇನ್ನೂ ಓಡುತ್ತಿರುವ ಇಎನ್‌ಬಿಟಿ ಮಾಡ್ಯೂಲುಗಳಿಗೂ ಅದೇ ಪಟ್ಟಿಯನ್ನು ತುಂಬುವ ಕೆಲಸ ನಡೆದಿದೆ.